ಯಾರ ಪೈಕಿ

೭-೨-೮೮, ಭಾನುವಾರ

ಮಾಲೂರಿನಿಂದ ಈಗ ಬಂದೆ. ಬಸ್ಸಿನಲ್ಲಿ ನಿಂತು ನಿಂತು ಸೊಂಟ ಹಿಡಿದಿದೆ. ಪಶುವೈದ್ಯ ಗಂಗುಲಪ್ಪನವರ ಸನ್ಮಾನ. ಪರಿಚಯ ಭಾಷಣ ಎಂದಿನಂತೆ ನನ್ನದೇ. ಹತ್ತು ನಿಮಿಷ ಅಂದಿದ್ದರು, ಮುಕ್ಕಾಲು ಗಂಟೆ ಹಿಡಿಯಿತು. ಅವರ ಮುತ್ತಜ್ಜ ಮುಳಬಾಗಿಲಿನಿಂದ ಎರಡೆತ್ತು ಹೊಡೆದುಕೊಂಡು ಬಂದದ್ದರಿಂದ ಶುರು ಮಾಡಿದೆ. ಗಂಗುಲಪ್ಪ ವೇದಿಕೆಯ ಮೇಲೆ ಅತ್ತೇ ಬಿಟ್ಟರು. ಅವರಿಗೇ ಗೊತ್ತಿರಲಿಲ್ಲವಂತೆ! ನಾನು ಹೋದ ವಾರ ಅವರ ಸೋದರತ್ತೆಯ ಹತ್ತಿರ ಕೂತು ಕೇಳಿಕೊಂಡು ಬಂದಿದ್ದೆ.

"ಅಶ್ವತ್ಥಪ್ಪ ಮೇಷ್ಟ್ರು ಮೈಕ್ ಹಿಡಿದ್ರೆ ಮೂರು ತಲೆಮಾರು ಎದ್ದು ಬಂದು ಕೂತ್ಕೊಳುತ್ತೆ" ಅಂದರು ಅಧ್ಯಕ್ಷರು. ಹೊಗಳಿಕೆಯೋ, ಹಂಗಿಸಿದ್ದೋ. ಹೊಗಳಿಕೆ ಅಂತಲೇ ಇಟ್ಟುಕೊಂಡಿದ್ದೇನೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. "ನೋರು ಮಂಚಿದೈತೇ ಊರು ಮಂಚಿದಿ" ಅಂದಳು ಭಾರತಿ. ಬಾಯಿ ಒಳ್ಳೆಯದಾದರೆ ಊರೂ ಒಳ್ಳೆಯದು. ತವರು ಶ್ರೀನಿವಾಸಪುರದ ಕಡೆ. ಸಂತೋಷ ಬಂದರೂ ತೆಲುಗು, ಸಿಟ್ಟು ಬಂದರೂ ತೆಲುಗು.

ಬಸ್ ಸ್ಟ್ಯಾಂಡಿನಲ್ಲಿ ಓಬೇದುಲ್ಲಾ ಸಿಕ್ಕಿದ್ದ. ರೇಷ್ಮೆಗೂಡಿನ ವ್ಯಾಪಾರ ಜೋರಂತೆ. ಅವನ ಮಹಡಿಯ ರೂಮಿಗೆ ಸೊಮಾಲಿಯಾದ ಹುಡುಗನೊಬ್ಬ ಬಾಡಿಗೆಗೆ ಬಂದಿದ್ದಾನಂತೆ. ಸುಗಟೂರಿನ ಕಡೆ ರೇಷ್ಮೆ ಟ್ರೈನಿಂಗ್, ಜೂನ್ ಕೊನೆಯವರೆಗೆ. ಅದೇ ಬ್ಯಾಚಿನಲ್ಲಿ ಇಥಿಯೋಪಿಯಾದವನೂ ಒಬ್ಬ! ಎದೆ ಅರಳಿತು. ಅಲ್ಲಿಯ ಹರಾರ್ ಊರಿನ ಸ್ಕೂಲಿನಲ್ಲಿ ನಾಲ್ಕು ವರ್ಷ ಲೆಕ್ಕ ಹೇಳಿಕೊಟ್ಟು ಬಂದವನು ನಾನು. ಬಂದು ಎಷ್ಟೋ ವರ್ಷವಾಯಿತು, ರಿಟೈರೂ ಆಯಿತು. ಕೋಲಾರದಲ್ಲಿ ಇವತ್ತಿಗೂ ನಾನು ಇಥಿಯೋಪಿಯಾ ಮೇಷ್ಟ್ರು. ಇಬ್ಬರನ್ನೂ ಊಟಕ್ಕೆ ಕರೆಯಬೇಕು.

೧೪-೨-೮೮, ಭಾನುವಾರ

ಇಬ್ಬರೂ ಬಂದಿದ್ದರು. ಮುದ್ದೆ, ಅವರೆಕಾಳು, ಕೋಳಿ ಸಾರು. ಇಥಿಯೋಪಿಯಾದವನು ತೆಸ್ಫಾಯೆ. ಎತ್ತರದ ಆಳು, ಬಾಯ್ತುಂಬ ನಗು. ನನ್ನನ್ನು 'ಗಾಶೆ' ಅಂದ — ಅಲ್ಲಿ ಹಿರಿಯರನ್ನು ಹಾಗೇ ಕರೆಯುವುದು. ಆ ಶಬ್ದ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು. ಕಣ್ಣು ಒದ್ದೆಯಾಯಿತು. ಸೊಮಾಲಿಯಾದವನು ಅಬ್ದಿ. ಸಣಕಲು. ಮಾತು ಕಡಿಮೆ. ಷರಟಿನ ಇಸ್ತ್ರಿ ಮಾತ್ರ ಎಲ್ಲೂ ಮುರಿದಿಲ್ಲ.

ಒಂದೇ ಕ್ಲಾಸು, ಒಂದೇ ಹುಳುಮನೆ. ಇಬ್ಬರಿಗೂ ಮಾತಿಲ್ಲ! ಸಾರಿನ ಪಾತ್ರೆ ಅವನ ಪಕ್ಕದಲ್ಲೇ ಇದ್ದರೂ ಇವನು ಭಾರತಿಯನ್ನು ಕೇಳುತ್ತಾನೆ. ಅವರ ದೇಶಗಳೂ ಹಾಗೇ. ಎಪ್ಪತ್ತೇಳರ ಯುದ್ಧದಿಂದ ಈಚೆಗೆ ಅವರಲ್ಲಿ ಇವರ ರಾಯಭಾರಿ ಇಲ್ಲ, ಇವರಲ್ಲಿ ಅವರ ರಾಯಭಾರಿ ಇಲ್ಲ. ತೆಸ್ಫಾಯೆಯ ಅಣ್ಣ ಆ ಯುದ್ಧಕ್ಕೆ ಹೋದವನು ಹಿಂದಿರುಗಲಿಲ್ಲ. ಸತ್ತನೋ ಸೆರೆ ಸಿಕ್ಕನೋ ಸುದ್ದಿಯೇ ಇಲ್ಲ.

ತೆಸ್ಫಾಯೆ ಮುದ್ದೆ ಮುರಿಯುತ್ತಾ, "ಈ ರಾಗಿ ನಮ್ಮ ದೇಶದಿಂದ ಬಂದದ್ದು, ಗಾಶೆ" ಅಂದ. ಅದಕ್ಕೆ ಅಬ್ದಿ ಗೋಡೆಗೆ ಹೇಳುವವನಂತೆ, "ಬಂದದ್ದು ನಮ್ಮ ಬಂದರಿನಿಂದ" ಅಂದ. ಭಾರತಿಗೆ ಕನ್ನಡ ಮಾಡಿ ಹೇಳಿದೆ. "ಎಲ್ಲಿಂದಾನ ಬರ್ಲಿ, ಬೀಸಿದ್ದು ನಮ್ ಮಿಲ್‌ನಲ್ಲಿ. ಸುಮ್ನೆ ಉಣ್ಣಕ್ ಹೇಳಿ" ಅಂದಳು.

ಅಬ್ದಿಯನ್ನು ಕೇಳಿದೆ. ಈ ಸೀಮೆಯಲ್ಲಿ ಹೊಸಬರನ್ನು ಕಂಡರೆ ಕೇಳುವ ಮೊದಲ ಮಾತು: ನೀನು ಯಾರ ಪೈಕಿ? ಇಂಗ್ಲಿಷಿನಲ್ಲಿ ಹೇಳಲು ತಿಣುಕಿದೆ. ಅವನಿಗೆ ತಟ್ಟನೆ ತಿಳಿಯಿತು. ನಕ್ಕ. "ನಮ್ಮಲ್ಲೂ ಮೊದಲ ಪ್ರಶ್ನೆ ಇದೇ ಸರ್. ಮಕ್ಕಳಿಗೆ ಇಪ್ಪತ್ತು ತಲೆಮಾರಿನ ಹೆಸರು ಬಾಯಿಪಾಠ. ಈಗ ಮಾತ್ರ ಯಾರೂ ಉತ್ತರ ಹೇಳುವುದಿಲ್ಲ." ಯಾಕಪ್ಪಾ ಅಂದೆ. "ಕೇಳಿಕೊಂಡು ಹೋದವರು ಆಮೇಲೆ ಮತ್ತೆ ಬರುತ್ತಾರೆ" ಅಂದ.

ಇಪ್ಪತ್ತು ತಲೆಮಾರು! ಇಂಥವನಿಗೊಂದು ಪರಿಚಯ ಭಾಷಣ ಮಾಡುವ ಯೋಗ ನನಗೆ ಬರಬೇಕು.

೨೦-೩-೮೮, ಭಾನುವಾರ

ಯುಗಾದಿಯ ಒಬ್ಬಟ್ಟು ಇನ್ನೂ ಉಳಿದಿತ್ತು. ಅಬ್ದಿ ಒಬ್ಬನೇ ಬಂದ. ಈಗೀಗ ಭಾನುವಾರ ತಪ್ಪಿಸುವುದಿಲ್ಲ. ಭಾರತಿ "ರಾ ನಾಯನಾ" ಅನ್ನುತ್ತಾಳೆ, ಬಾ ಮಗನೇ ಅಂತ. ಅವನಿಗೆ ತಿಳಿಯುತ್ತದೆ. ಮಕ್ಕಳಿಲ್ಲದ ಮನೆ. ಮಾತಿಗೊಬ್ಬ ಸಿಕ್ಕಿದ ಹಾಗಾಗಿದೆ.

ಇವತ್ತು ಮನೆಯ ವಿಷಯ ತೆಗೆದ. ಊರು ಹರ್ಗೇಸಾ, ಸೊಮಾಲಿಯಾದ ಉತ್ತರಕ್ಕೆ. ತಂದೆ ಇಲ್ಲ. ತಾಯಿಗೆ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿ. ಆ ಕಡೆಯವರಿಗೂ ಸರ್ಕಾರಕ್ಕೂ ಎಣ್ಣೆ ಸೀಗೆಕಾಯಿ. ಅಣ್ಣ — (ಇಲ್ಲಿ ಅವನ ಹೆಸರಿತ್ತು. ಮಸಿ ಬಳಿದಿದ್ದೇನೆ. ೧೮-೪) — ಸೈನ್ಯದಲ್ಲಿದ್ದವನು, ಆರು ವರ್ಷದ ಹಿಂದೆ ಗಡಿ ದಾಟಿ ಇಥಿಯೋಪಿಯಾಕ್ಕೆ ಹೋಗಿ ಬಂಡಾಯದವರನ್ನು ಸೇರಿಕೊಂಡ. ಗೊತ್ತಾದರೆ ಮನೆಯವರಿಗೆ ಉಳಿಗಾಲವಿಲ್ಲ. ತಾಯಿ ಏನು ಮಾಡಿದಳು? ಮಗ ಜೀಪು ಉರುಳಿ ಸತ್ತ ಅಂತ ಊರಿಗೆಲ್ಲ ಹೇಳಿದಳು. ನೋಡಲು ಬಂದವರ ಮುಂದೆ ಗೋಳಾಡಿದಳು. ಮಸೀದಿಯಲ್ಲಿ ಸತ್ತವರಿಗೆ ಮಾಡುವ ನಮಾಜು ಮಾಡಿಸಿದಳು. ಬದುಕಿರುವ ಮಗನಿಗೆ! ಇವತ್ತಿಗೂ ಅವನ ಹೆಸರಿನಲ್ಲಿ ಬಡವರಿಗೆ ಊಟ ಹಾಕುತ್ತಾಳಂತೆ.

ಎಂಥಾ ತಾಯಿ! ಅವಳ ಹೆಸರು ಕೇಳಿದೆ. ಹೇಳಿದ. ಆಮೇಲೆ, "ಸರ್, ಇದು ನಿಮ್ಮಲ್ಲೇ ಇರಲಿ" ಅಂದ.

ಇರದೆ ಏನು. ಕೋಲಾರದಲ್ಲಿ ಯಾರಿಗೆ ಹೇಳಲಿ. ಹೇಳಿದರೂ ಯಾರಿಗೆ ಅರ್ಥವಾಗಬೇಕು.

೫-೪-೮೮, ಮಂಗಳವಾರ

ರಾಜಿ! ಬಿ.ಬಿ.ಸಿ.ಯಲ್ಲಿ ಕೇಳಿದೆ. ಇಥಿಯೋಪಿಯಾ, ಸೊಮಾಲಿಯಾ ಒಪ್ಪಂದಕ್ಕೆ ಸಹಿ ಹಾಕಿವೆ. ಹನ್ನೊಂದು ವರ್ಷದ ಮೇಲೆ ರಾಯಭಾರಿಗಳು ಬರುತ್ತಾರೆ. ಗಡಿಯಿಂದ ಸೈನ್ಯ ಹಿಂದಕ್ಕೆ. ಯುದ್ಧ ಕೈದಿಗಳ ಬಿಡುಗಡೆ. ಒಬ್ಬರ ವಿರೋಧಿಗಳಿಗೆ ಇನ್ನೊಬ್ಬರು ಆಸರೆ ಕೊಡುವುದಿಲ್ಲ, ಇತ್ಯಾದಿ.

ಸೈಕಲ್ ಹತ್ತಿ ಸೀದಾ ಓಬೇದುಲ್ಲಾ ಮನೆಗೆ. ತೆಸ್ಫಾಯೆ ಆಗಲೇ ಅಂಗಳದಲ್ಲಿದ್ದ, ಅವನೂ ಕೇಳಿದ್ದನಂತೆ. ನನ್ನನ್ನು ಎತ್ತಿಯೇ ಬಿಟ್ಟ. "ಕೈದಿಗಳು, ಗಾಶೆ! ಕೈದಿಗಳನ್ನು ಬಿಡುತ್ತಾರೆ!" ಅಣ್ಣ ಬದುಕಿದ್ದರೆ ಬರಬೇಕು. ಅಷ್ಟೆತ್ತರದ ಆಳು ಮಗುವಿನ ಹಾಗೆ ಅತ್ತ. ಅಬ್ದಿ ಮೆಟ್ಟಿಲ ಮೇಲೆ ಕೂತಿದ್ದ. ಸಂತೋಷಕ್ಕೆ ಬಾಯಿ ಕಟ್ಟಿತು ಅಂತ ಕಾಣುತ್ತದೆ. ಇವನ ಅಣ್ಣನೂ ಇನ್ನು ಮನೆಗೆ ಬರಬಹುದಲ್ಲ!

ಸಮಾರಂಭ ಮಾಡಲೇಬೇಕು. ನಮ್ಮ ಹಳ್ಳಿಗಳಲ್ಲಿ ರಾಜಿಯಾದರೆ ಹತ್ತು ಜನರ ಎದುರಿಗೆ ಎಲೆಅಡಿಕೆ ಬದಲಾಯಿಸುತ್ತಾರೆ. ಅಲ್ಲಿಗೆ ಹೊಡೆದಾಡಿದವರೂ ಬೀಗರ ಹಾಗೆ. ಇವರಿಬ್ಬರ ಕೈಯಲ್ಲಿ ಅದನ್ನೇ ಮಾಡಿಸುತ್ತೇನೆ. ಅಬ್ದಿ, "ನನ್ನನ್ನು ಬಿಟ್ಟುಬಿಡಿ ಸರ್" ಅಂದ. ನಾಚಿಕೆ ಸ್ವಭಾವ. ಗಂಗುಲಪ್ಪನವರೂ ಮೊದಲು ಹಾಗೇ ಅಂದಿದ್ದರು.

೧೦-೪-೮೮, ಭಾನುವಾರ

ಬೆಂಗಳೂರಿಗೆ ಹೋಗಿ ಬಂದೆ. ಅದೃಷ್ಟ ನೋಡಿ. ಸೊಮಾಲಿಯಾದ ರಾಯಭಾರ ಕಚೇರಿಯ ಅಧಿಕಾರಿಯೊಬ್ಬರು ತಮ್ಮ ವಿದ್ಯಾರ್ಥಿಗಳನ್ನು ಕಾಣಲು ದೆಹಲಿಯಿಂದ ಬಂದಿದ್ದಾರೆ. ಹೋಟೆಲ್ ಹುಡುಕಿಕೊಂಡು ಹೋದೆ. ಕೂರಿಸಿ ಕಾಫಿ ಕೊಟ್ಟರು. ಎಂಥ ಇಂಗ್ಲಿಷು, ಎಂಥ ನಯ. ಮುಂದಿನ ಭಾನುವಾರ ಬರುತ್ತಾರೆ! ಚಿನ್ನದ ಗಣಿ ನೋಡುವ ಆಸೆಯೂ ಇದೆಯಂತೆ.

ದರ್ಜಿ ಮುಖ್ತಿಯಾರ್‌ಗೆ ಎರಡು ಬಾವುಟ ಹೊಲಿಯಲು ಹಾಕಿದ್ದೇನೆ. ಶಾಲು, ಪೇಟ, ಹಣ್ಣಿನ ಬುಟ್ಟಿ. ಅಬ್ದಿಗೆ ಅಧಿಕಾರಿಯ ವಿಷಯ ಹೇಳಿಲ್ಲ. ವೇದಿಕೆಯ ಮೇಲೇ ಗೊತ್ತಾಗಲಿ, ಖುಷಿಪಡಲಿ.

೧೭-೪-೮೮, ಭಾನುವಾರ, ಸಂಜೆ

ಹಾಲ್ ತುಂಬಿತ್ತು. ಹೊರಗೆ ಕಿಟಕಿಗೂ ಜನ. ನನ್ನ ಜೀವಮಾನದಲ್ಲಿ ಇಂಥ ಭಾಷಣ ಮಾಡಿಲ್ಲ. ಮೊದಲು ಕನ್ನಡ, ಆಮೇಲೆ ಅತಿಥಿಗಳಿಗಾಗಿ ಇಂಗ್ಲಿಷ್. ತೆಸ್ಫಾಯೆಯ ಅಣ್ಣನ ಕಥೆ ಹೇಳಿದೆ. ಚಪ್ಪಾಳೆ. ಆಮೇಲೆ ಅಬ್ದಿ. ತಾಯಿಯಿಂದ ಶುರು ಮಾಡಿದೆ. ಬದುಕಿರುವ ಮಗನನ್ನು ಸತ್ತ ಅಂತ ಹೇಳಿ ಅತ್ತ ಆ ಮಹಾತಾಯಿ. ಮುಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಎರಡು ದೇಶದ ಜಗಳ ಇಬ್ಬರು ಅಣ್ಣಂದಿರನ್ನು ನುಂಗಿತ್ತು. ಇನ್ನು ಇಬ್ಬರೂ ಮನೆಗೆ ಬರುತ್ತಾರೆ. ಆ ತಾಯಿ ಇನ್ನು ಸುಳ್ಳು ಹೇಳಬೇಕಾಗಿಲ್ಲ!" ಎರಡು ನಿಮಿಷ ಚಪ್ಪಾಳೆ ನಿಲ್ಲಲಿಲ್ಲ.

ಎಲೆಅಡಿಕೆ ಬದಲಾಯಿಸಿದರು. ಅಬ್ದಿಯ ಕೈಯಿಂದ ಅಡಿಕೆ ಚೆಲ್ಲಿತು. ತೆಸ್ಫಾಯೆ ಬಗ್ಗಿ ಆರಿಸಿದ. ಫೋಟೋ ಆದ ಮೇಲೆ ನೋಡುತ್ತೇನೆ, ಅಬ್ದಿ ಇಲ್ಲ. ಶಾಲು ಕುರ್ಚಿಯ ಮೇಲೆ. ಅಧಿಕಾರಿಗಳು ಮಾತ್ರ ನನ್ನ ಕೈ ಹಿಡಿದು ತುಂಬ ಹೊಗಳಿದರು. "ಆ ಅಣ್ಣನ ಹೆಸರು ಏನಂದಿರಿ?" ಅಂದರು. ಹೇಳಿದೆ. ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು. ಸ್ಪೆಲ್ಲಿಂಗ್ ಸರಿಯಾಗಿದೆಯೇ ಅಂತ ತೋರಿಸಿಯೂ ತೋರಿಸಿದರು. ಜಂಟಲ್‌ಮನ್.

ಮನೆಗೆ ಬಂದ ಮೇಲೆ ಹೇಗಿತ್ತು ಅಂತ ಭಾರತಿಯನ್ನು ಕೇಳಿದೆ. "ನಿಮ್ ಭಾಷಣ ಬುಡಿ. ಆ ಹುಡುಗನ ಮುಖ ನೋಡುದ್ರಾ? ಸಾವಿನ ಮನೇಲಿ ಕೂತಂಗಿತ್ತು" ಅಂದಳು.

ಸುಸ್ತಾಗಿರಬೇಕು.

೧೮-೪-೮೮, ಸೋಮವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ಇನ್ನೂ ಕಷ್ಟ.

ಬೆಳಗ್ಗೆ ಹಾಲು ತರಲು ಹೊರಟಿದ್ದೆ, ಓಬೇದುಲ್ಲಾ ಬಾಗಿಲಲ್ಲಿ. ಒಳಗೆ ಬಾ ಅಂದರೆ ಬರಲಿಲ್ಲ. ಮೂವತ್ತು ವರ್ಷದ ಸ್ನೇಹದಲ್ಲಿ ಮೊದಲ ಸಲ.

"ಮೇಷ್ಟ್ರೇ, ಆ ಹುಡುಗ ರಾತ್ರಿಯೆಲ್ಲಾ ಮಲಗಿಲ್ಲ. ನೆನ್ನೆ ಏನ್ ಮಾತಾಡುದ್ರಿ ಅಂತ ನಿಮಗಾದ್ರೂ ಗೊತ್ತಾ?"

"ಶಾಂತಿ ಬಗ್ಗೆ ಮಾತಾಡಿದೆ ಕಣೋ."

"ಯಾರ ಶಾಂತಿ? ಎರಡು ಮನೆ ರಾಜಿ ಆದ್ರೆ, ಆ ಮನೆಯಿಂದ ಓಡ್ಬಂದು ಈ ಮನೆ ಹಿತ್ತಲಲ್ಲಿ ಇದ್ದೋನ ಗತಿ ಏನು? ಮೊದಲು ಅವನನ್ನೇ ಆಚೆ ತಳ್ತಾರೆ. ಅವರಣ್ಣ ಮನೆಗೆ ಬರೋದಲ್ಲ ಮೇಷ್ಟ್ರೇ, ನಿಂತಿರೋ ನೆಲಾನೂ ಹೋಯ್ತು. ಅದೂ ಸಾಲ್ದು ಅಂತ ಸತ್ತೋನು ಬದುಕವ್ನೆ ಅಂತ ಅವರ ಸರ್ಕಾರದ ಮನುಷ್ಯನ ಎದುರಿಗೇ ಮೈಕಲ್ಲಿ ಹೇಳುದ್ರಿ. ತಾಯಿ ಆ ಊರಲ್ಲೇ ಅವ್ಳೆ. ಯಾ ಅಲ್ಲಾ... ಒಂದು ಮಾತು ನನ್ನ ಕೇಳಬಾರದಾಗಿತ್ತಾ?"

ಹಾಲಿನ ಚೊಂಬು ಕೈಯಲ್ಲೇ ಇತ್ತು. ಒಪ್ಪಂದದ ಆ ಕೊನೆಯ ಸಾಲು — ಒಬ್ಬರ ವಿರೋಧಿಗಳಿಗೆ ಇನ್ನೊಬ್ಬರು ಆಸರೆ ಕೊಡುವುದಿಲ್ಲ — ನಾನೇ ಇಲ್ಲಿ ಬರೆದು, ಮುಂದೆ 'ಇತ್ಯಾದಿ' ಅಂತ ಹಾಕಿದ್ದೇನೆ. ಇತ್ಯಾದಿ!

ಹಿಂದೆಯೇ ಹೋದೆ. ಅಬ್ದಿ ಮಹಡಿಯಲ್ಲಿ ಹಾಸಿಗೆ ಸುತ್ತಿಟ್ಟು ಅದರ ಮೇಲೆ ಕೂತಿದ್ದ. ತಪ್ಪಾಯಿತು ಅಂದೆ. ಕೈ ಮುಗಿದೆ. ಅವನು ಎದ್ದು ನನ್ನ ಕೈ ಇಳಿಸಿದ. "ನನ್ನ ತಾಯಿ ಆರು ವರ್ಷ ಆ ಸುಳ್ಳನ್ನು ಕಾಪಾಡಿದಳು ಸರ್. ಅಕ್ಕಪಕ್ಕದವರಿಂದ, ನೆಂಟರಿಂದ. ನಾನು ಒಬ್ಬರಿಗೆ ಮಾತ್ರ ಹೇಳಿದೆ." ಅಷ್ಟೇ. ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾಚಿಕೆ. ನಾಚಿಕೆ. ಈ ಮುಖ ಎಲ್ಲಿ ಇಟ್ಟುಕೊಳ್ಳಲಿ. ಅವನು 'ನಿಮ್ಮಲ್ಲೇ ಇರಲಿ' ಅಂದದ್ದು ನಾನು ಮರೆತಿರಲಿಲ್ಲ. ಮೈಕಿನ ಮುಂದೆ ನೆನಪಿಗೆ ಬಂದಿತ್ತು. ಇಂಥ ಒಳ್ಳೆಯ ಕಥೆ ಬಿಡುವುದು ಹೇಗೆ ಅನ್ನಿಸಿತು. ಅದೇ ನಿಜ.

ಮಾರ್ಚಿ ತಿಂಗಳ ಹಾಳೆ ತೆಗೆದು ಹೆಸರಿಗೆ ಮಸಿ ಬಳಿದೆ. ಊರೆಲ್ಲ ಕೇಳಿದ ಮೇಲೆ.

೧೯-೪-೮೮, ಮಂಗಳವಾರ

ಮೊದಲ ಬಸ್ಸಿಗೆ ಬೆಂಗಳೂರು. ಅಧಿಕಾರಿ ಇನ್ನೂ ಹೋಟೆಲಿನಲ್ಲೇ ಇದ್ದರು. ದಾರಿಯುದ್ದಕ್ಕೂ ಸುಳ್ಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಹೇಳಿದೆ: ಭಾಷಣದ ಭರದಲ್ಲಿ ಕಥೆ ಕಟ್ಟಿದೆ, ನಮ್ಮ ಕಡೆ ಜನ ಅಳದಿದ್ದರೆ ಭಾಷಣ ಅನ್ನುವುದಿಲ್ಲ, ಆ ಹುಡುಗನ ಅಣ್ಣ ನಿಜವಾಗಿಯೂ ತೀರಿಹೋಗಿದ್ದಾನೆ.

ಅವರು ಪೂರ್ತಿ ಕೇಳಿದರು. ಕಾಫಿ ತರಿಸಿದರು. "ಪಾಪ. ಹಾಗಾದರೆ ತಾಯಿಗೆ ಸಂತಾಪ ತಿಳಿಸಬೇಕು. ಅವರ ಅಂಗಡಿ ಯಾವ ಬೀದಿಯಲ್ಲಿ ಅಂದಿರಿ?"

ಬಾಯಿ ತೆರೆದೇ ಬಿಟ್ಟಿತು. ನನಗೆ ಗೊತ್ತಿತ್ತು! ಬಾವಿಯ ಪಕ್ಕ, ಮಸೀದಿಗೆ ಎದುರು. ಅಬ್ದಿಯಿಂದ ಅದನ್ನೂ ಕೇಳಿ ತಿಳಿದುಕೊಂಡಿದ್ದೆ. ಹಲ್ಲು ಕಚ್ಚಿ ಹಿಡಿದೆ. ಗೊತ್ತಿಲ್ಲ ಅಂದೆ.

"ಭಾನುವಾರ ನಿಮಗೆ ಎಲ್ಲವೂ ಗೊತ್ತಿತ್ತಲ್ಲ" ಅಂದು ನಕ್ಕರು. ಬಾಗಿಲವರೆಗೂ ಬಂದು ಕಳಿಸಿಕೊಟ್ಟರು.

ಅವರ ಮನಸ್ಸಿನಲ್ಲಿ ಏನಿತ್ತೋ. ಏನೂ ಇಲ್ಲದಿರಬಹುದು. ಸಂತಾಪ ಹೇಳುವುದಕ್ಕೇ ಕೇಳಿರಬಹುದು. ಬಸ್ಸಿನಲ್ಲಿ ಹೊಸಕೋಟೆ ದಾಟುವವರೆಗೂ ಇದನ್ನೇ ಹೇಳಿಕೊಂಡೆ. ನಂಬಿಕೆ ಹುಟ್ಟಲಿಲ್ಲ.

ಭಾರತಿ ಎಲ್ಲ ಕೇಳಿಸಿಕೊಂಡಳು. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು" ಅಂದಳು. ಕನ್ನಡದಲ್ಲಿ. ಸಿಟ್ಟೂ ಅಲ್ಲ, ಸಂತೋಷವೂ ಅಲ್ಲ.

೮-೫-೮೮, ಭಾನುವಾರ

ಇಷ್ಟು ದಿನ ಪೆನ್ನು ಮುಟ್ಟಿಲ್ಲ. ಬರೆಯುವಂಥದ್ದೂ ಇಲ್ಲ. ಅಬ್ದಿ ಬರುವುದಿಲ್ಲ. ಭಾನುವಾರ ಭಾರತಿ ಒಂದು ಮುದ್ದೆ ಹೆಚ್ಚಿಗೆ ಕಟ್ಟುತ್ತಾಳೆ, ಆಮೇಲೆ ಹಸುವಿಗೆ ಹಾಕುತ್ತಾಳೆ.

ರಂಜಾನ್ ಉಪವಾಸ. ನಿನ್ನೆ ಸಂಜೆ ಸುಗಟೂರಿನ ಕಡೆ ಹೋಗಿದ್ದೆ. ಕೆಲಸವಿತ್ತು ಅಂತ ಇಲ್ಲಿ ಬರೆದರೆ ಸುಳ್ಳು. ಹುಳುಮನೆಯ ಹೊರಗೆ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸಿದ್ದರು. ಹುಳು ಗೂಡು ಕಟ್ಟುವ ಆ ಬಿದಿರ ತಟ್ಟೆಗಳ ಮರೆಯಲ್ಲಿ ನಿಂತೆ. ಅಬ್ದಿಯೂ ತೆಸ್ಫಾಯೆಯೂ ಒಂದೇ ಚಾಪೆಯ ಮೇಲೆ. ನಡುವೆ ಖರ್ಜೂರದ ಪೊಟ್ಟಣ. ಉಪವಾಸ ಬಿಡಲು ಮಸೀದಿಯ ಬಾಂಗಿಗೆ ಕಾಯುತ್ತಿದ್ದರು. ತೆಸ್ಫಾಯೆ ಕ್ರಿಶ್ಚಿಯನ್, ಅವನೂ ಇವನ ಜೊತೆ ಬೆಳಗಿನಿಂದ ನೀರು ಕುಡಿದಿಲ್ಲವಂತೆ. ಓಬೇದುಲ್ಲಾನ ಹೆಂಡತಿ ಅಜ್ರಾ ಹೇಳಿದ್ದಳು, ನಂಬಿರಲಿಲ್ಲ. ಬಾಂಗು ಕೂಗಿತು. ತೆಸ್ಫಾಯೆ ಮೊದಲ ಹಣ್ಣನ್ನು ಅಬ್ದಿಗೆ ಕೊಟ್ಟ.

ನಾನು ಬಾವುಟ ಕಟ್ಟಿಸಿ, ಪೇಟ ಸುತ್ತಿಸಿ, ಮೈಕ್ ಹಾಕಿಸಿ ಮಾಡಲಾರದ ರಾಜಿ. ನನ್ನ ಮೇಲಿನ ಬೇಸರದಿಂದ ಆಯಿತು. ಸಂತೋಷಪಡಬೇಕು ಅಂದುಕೊಂಡೆ. ಮಾತಾಡಿಸದೆ ವಾಪಸ್ಸು ಬಂದೆ.

೨೪-೫-೮೮

ಹಬ್ಬ ಮುಗಿಯಿತು. ಅಜ್ರಾ ಶೀರ್‌ಖುರ್ಮಾ ಕಳಿಸಿದ್ದಳು, ಓಬೇದುಲ್ಲಾ ಬರಲಿಲ್ಲ.

ಇವತ್ತು ಬಂದ. ಬೆಂಗಳೂರಿನಲ್ಲಿರುವ ಸೊಮಾಲಿಯಾದ ಹುಡುಗನೊಬ್ಬ ಹರ್ಗೇಸಾಕ್ಕೆ ಹೋಗಿ ಬಂದವನು ಸುದ್ದಿ ತಂದಿದ್ದಾನೆ. ಅಬ್ದಿಯ ತಾಯಿಯ ಅಂಗಡಿಗೆ ಬೀಗ ಬಿದ್ದಿದೆ. ಯಾರು ಹಾಕಿದರು, ಯಾಕೆ, ಗೊತ್ತಿಲ್ಲ. ಆ ಬೀದಿಯಲ್ಲಿ ಇನ್ನೂ ಎಷ್ಟೋ ಅಂಗಡಿಗಳಿಗೆ ಹಾಗೇ ಆಗಿದೆಯಂತೆ.

"ನಿಮ್ಮಿಂದಾನೇ ಅಂತ ನಾನು ಹೇಳಲ್ಲ ಮೇಷ್ಟ್ರೇ" ಅಂದ ಓಬೇದುಲ್ಲಾ. ಅಲ್ಲ ಅಂತಲೂ ಹೇಳಲಿಲ್ಲ.

ಅಲ್ಲ ಅಂತ ಯಾರಾದರೂ ಹೇಳಿದರೆ ಅವರ ಕಾಲಿಗೆ ಬೀಳುತ್ತೇನೆ.

೨-೬-೮೮, ಗುರುವಾರ

ರೇಡಿಯೋದಲ್ಲಿ ಹರ್ಗೇಸಾ. ಆ ಹೆಸರನ್ನು ನಾನು ರೇಡಿಯೋದಲ್ಲಿ ಕೇಳಿದ್ದು ಇದೇ ಮೊದಲು. ಇಥಿಯೋಪಿಯಾದಲ್ಲಿ ಇನ್ನು ಜಾಗವಿಲ್ಲ ಅಂತ ಗೊತ್ತಾದ ಬಂಡಾಯದವರು ಗಡಿ ದಾಟಿ ತಮ್ಮ ಊರಿಗೇ ನುಗ್ಗಿದ್ದಾರೆ. ಬೀದಿಬೀದಿಯಲ್ಲಿ ಕಾಳಗ. ಓಬೇದುಲ್ಲಾ ಹೇಳಿದ ಹಾಗೇ ಆಯಿತು. ಹಿತ್ತಲಿನಿಂದ ತಳ್ಳಿದರೆ ಮನುಷ್ಯ ಇನ್ನೆಲ್ಲಿಗೆ ಹೋಗುತ್ತಾನೆ.

ಹೋದೆ. ಅಂಗಳದಲ್ಲಿ ರೇಡಿಯೋದ ಸುತ್ತ ಎಲ್ಲರೂ. ನಾನು ಬಾಗಿಲಲ್ಲೇ ನಿಂತೆ. ಅಬ್ದಿ ತಲೆ ಎತ್ತಿ, "ಬನ್ನಿ ಸರ್, ಕೂತ್ಕೊಳ್ಳಿ" ಅಂದ. ಕನ್ನಡದಲ್ಲಿ! ಭಾರತಿ ಕಲಿಸಿದ ಮಾತು. ಕೂತೆ. ಆಮೇಲೆ ಯಾರೂ ಏನೂ ಮಾತಾಡಲಿಲ್ಲ. ನಾನು ಬಂದದ್ದರಿಂದ ಮಾತು ನಿಂತಿದೆ ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಎದ್ದು ಬಂದೆ.

೩-೭-೮೮, ಭಾನುವಾರ

ಹೋದರು. ಇಬ್ಬರೂ ಒಟ್ಟಿಗೆ.

ಅಬ್ದಿ ತನ್ನ ದೇಶಕ್ಕೆ ಹೋಗುವಂತಿಲ್ಲ. ಊರು ನೆಲಸಮವಾಗುತ್ತಿದೆಯಂತೆ. ಜನ ಲಕ್ಷಗಟ್ಟಲೆ ನಡೆದುಕೊಂಡು ಗಡಿ ದಾಟಿ ಇಥಿಯೋಪಿಯಾಕ್ಕೆ ಬರುತ್ತಿದ್ದಾರೆ, ಬಯಲಿನಲ್ಲಿ ಡೇರೆ ಹಾಕಿದ್ದಾರೆ. ತಾಯಿ ಬದುಕಿದ್ದರೆ ಅಲ್ಲಿರಬೇಕು. ತೆಸ್ಫಾಯೆಯ ಮಾವ ಅಲ್ಲಿಯ ಕಚೇರಿಯೊಂದರಲ್ಲಿ ಇದ್ದಾನೆ, ಅಬ್ದಿಗೆ ಒಳಗೆ ಹೋಗಲು ಪರವಾನಗಿ ಮಾಡಿಸಿದ್ದಾನೆ. ಸೊಮಾಲಿಗಳ ಜೊತೆಗಿನ ಯುದ್ಧದಲ್ಲಿ ಅಣ್ಣನನ್ನು ಕಳೆದುಕೊಂಡವನು ಸೊಮಾಲಿ ಹುಡುಗನ ತಾಯಿಯನ್ನು ಹುಡುಕಲು ಹೊರಟಿದ್ದಾನೆ.

ಭಾರತಿ ರಾಗಿ ಹುರಿಹಿಟ್ಟು, ಬೆಲ್ಲ, ಚಟ್ನಿಪುಡಿ ಕಟ್ಟಿಕೊಟ್ಟಳು. ಅಬ್ದಿ ಬಗ್ಗಿ ಅವಳ ಕಾಲು ಮುಟ್ಟಿದ. "ಅಮ್ಮ ಸಿಕ್ತಾಳೆ ನಾಯನಾ" ಅಂದು ಅವಳು ಒಳಗೆ ಹೋಗಿಬಿಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ಟ್ರಂಕು ಮೇಲೆ ಹಾಕುವಾಗ ಅವನು ನನ್ನ ಹತ್ತಿರ ಬಂದ. ನಾನು ಕೇಳಿದೆ, ನನ್ನ ಮೇಲೆ ಕೋಪ ಹೋಯಿತಾ?

"ಕೋಪ ಇಲ್ಲ ಸರ್. ನಿಮ್ಮ ಎದುರು ಮಾತಾಡಲು ಭಯ, ಅಷ್ಟೇ" ಅಂದ. ಕೈ ಕುಲುಕಿದ. ಹತ್ತಿದ.

ನಲವತ್ತು ವರ್ಷ ಮೇಷ್ಟ್ರಾಗಿದ್ದೆ. ಹುಡುಗರು ನನ್ನ ಬೆತ್ತಕ್ಕೆ ಹೆದರುತ್ತಿದ್ದರು, ಮೀಸೆಗೆ ಹೆದರುತ್ತಿದ್ದರು. ನನ್ನ ಕಿವಿಗೆ ಯಾರೂ ಹೆದರಿರಲಿಲ್ಲ.

೧೫-೮-೮೮

ಪರಿಚಯ ಭಾಷಣಕ್ಕೆ ಕರೆದಿದ್ದರು. ಸ್ವಾತಂತ್ರ್ಯ ಹೋರಾಟಗಾರ ಕದಿರೇಶನವರಿಗೆ ಸನ್ಮಾನ. ಬೇಡ ಅಂದರೂ ಬಿಡಲಿಲ್ಲ. ಮೈಕಿನ ಮುಂದೆ ನಿಂತೆ. "ಇವರು ಕದಿರೇಶನವರು. ಜೈಲಿಗೆ ಹೋಗಿದ್ದವರು" ಅಂದೆ. ಮುಂದೆ ಮಾತು ಹೊರಡಲಿಲ್ಲ. ಏನೇ ಹೇಳಹೊರಟರೂ, ಅದು ಅವರು ಯಾರಿಗೋ, ಯಾವಾಗಲೋ, ನಿಮ್ಮಲ್ಲೇ ಇರಲಿ ಅಂತ ಹೇಳಿದ್ದೋ ಏನೋ ಅನ್ನಿಸಿತು. ಬಂದು ಕೂತುಬಿಟ್ಟೆ. ಮೇಷ್ಟ್ರಿಗೆ ಮೈ ಸರಿ ಇಲ್ಲ ಅಂದುಕೊಂಡರು. ಯಾರೋ ಸೋಡಾ ತಂದುಕೊಟ್ಟರು.

೯-೧೦-೮೮, ಭಾನುವಾರ

ಓಬೇದುಲ್ಲಾ ಓಡಿ ಬಂದ. ಸೀದಾ ಒಳಗೆ ಬಂದ, ಏಪ್ರಿಲ್‌ನಿಂದ ಈಚೆಗೆ ಮೊದಲ ಸಲ. ತೆಸ್ಫಾಯೆ ಅವನ ಅಂಗಡಿಗೆ ಫೋನ್ ಮಾಡಿದ್ದನಂತೆ.

ತೆಸ್ಫಾಯೆಯ ಅಣ್ಣ ಬಂದಿದ್ದಾನೆ. ಬದುಕಿದ್ದಾನೆ. ಕೈದಿಗಳನ್ನು ಬಿಟ್ಟರು. ತಲೆಯೆಲ್ಲ ನೆರೆತಿದೆ, ಮನೆಯವರ ಗುರುತು ಸಿಗುತ್ತದೆ. ಭಾರತಿ ದೇವರ ಮನೆಗೆ ಹೋಗಿ ದೀಪ ಹಚ್ಚಿದಳು.

ಅಬ್ದಿ? ಆ ಡೇರೆಗಳ ಬಯಲಿನಲ್ಲಿದ್ದಾನೆ. ಅವನ ಅಣ್ಣನ ಸುದ್ದಿ ಇಲ್ಲ. ತಾಯಿ ಇನ್ನೂ ಸಿಕ್ಕಿಲ್ಲ. ಲಕ್ಷ ಲಕ್ಷ ಜನ, ಕಣ್ಣು ಹಾಯುವಷ್ಟು ಡೇರೆ. ದಿನಾ ಸಂಜೆ ಲಾರಿಯ ಮೇಲೆ ಮೈಕ್ ಕಟ್ಟಿ ಕೂಗುತ್ತಾರಂತೆ. ಇಂಥವನು, ಇಂಥವನ ಮಗ, ಇಂಥವನ ಮೊಮ್ಮಗ, ಇಂಥವನ ತಮ್ಮ, ಇಂಥ ತಾಯಿಯನ್ನು ಹುಡುಕುತ್ತಿದ್ದಾನೆ. ಎಲ್ಲ ತಲೆಮಾರೂ ಹೇಳಿದರೇ ಗುರುತು ಸಿಗುವುದು. ಯಾರ ಪೈಕಿ ಅಂತ ಗೊತ್ತಾದರೇ ಯಾರೋ ಒಬ್ಬ ಹೆಂಗಸು ಡೇರೆಯಿಂದ ಎದ್ದು ಬರುವುದು. ಅಬ್ದಿಯ ಪಾಳಿ ಬಂದಾಗ ಅವನೇ ಮೈಕ್ ಹಿಡಿದನಂತೆ. ಅಣ್ಣನ ಹೆಸರನ್ನೂ ಕೂಗಿ ಹೇಳಿದನಂತೆ.

ಓಬೇದುಲ್ಲಾ ಹೋದ. ಹಿತ್ತಲಿಗೆ ಹೋಗಿ ನಿಂತೆ. ಭಾರತಿ ಬಟ್ಟೆ ಒಗೆಯುತ್ತಿದ್ದಳು. ಅವಳ ಎದುರಿಗೇ, ಮೆಲ್ಲಗೆ, ಆ ಲಾರಿಯವರ ಹಾಗೆ ಹೇಳಿ ನೋಡಿದೆ. ಅಲ್ಲಿಗೆ ಕೇಳುವುದಿಲ್ಲ, ಗೊತ್ತು. ಆದರೂ ಹೇಳಿದೆ. ಅರ್ಧಕ್ಕೇ ನಿಲ್ಲಿಸಿದೆ. ಇಲ್ಲಿ ಬರೆದಾದರೂ ಪೂರ್ತಿ ಮಾಡಬೇಕು.

ಇವನು ಅಬ್ದಿ. ಹರ್ಗೇಸಾದವನು. ರೇಷ್ಮೆ ಕೆಲಸ ಕಲಿಯಲು ಕೋಲಾರಕ್ಕೆ ಬಂದಿದ್ದ. ನಮ್ಮ ಮನೆಯಲ್ಲಿ ಉಂಡಿದ್ದಾನೆ. ಬಾವಿಯ ಪಕ್ಕ, ಮಸೀದಿಯ ಎದುರು, ಬಟ್ಟೆ ಅಂಗಡಿಯ ಅಮ್ಮನ ಕಿರಿಯ ಮಗ. ಅಮ್ಮಾ, ಎಲ್ಲಿದ್ದರೂ ಎದ್ದು ಬಾ. ನಿನ್ನ ಹೆಸರು — ಅದು ನನ್ನಲ್ಲೇ ಇರಲಿ.